ಹಾಜರಿಯ ತಪ್ಪು ಮತ್ತು ನಮ್ಮ ಬಾಯಿ

(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ವಿಶಾಖಪಟ್ಟಣದಲ್ಲಿಯೂ ವಿಜಯವಾಡದಲ್ಲಿಯೂ ಕೆಲವು ಕಾಲ ದುಡಿದು ಬಂದ ನಮ್ಮನ್ನು ಹಾಜರಿಯ ವಿಷಯವಾಗಿ ನಾಲ್ಕು ಮಾತು ಹೇಳಿರೆಂದು ಸಂಘದವರು ಕೇಳಿದ್ದಾರೆ. ವಿಷಯ ಸಣ್ಣದೇ. ಆದರೆ ಮನೆಯ ಅಕ್ಕಿ ಬೇಳೆಯ ಲೆಕ್ಕ ನಿಂತಿರುವುದು ಇದರ ಮೇಲೆಯೇ.

ನಮ್ಮ ದೇಶದ ಗಡಿಯಾರಕ್ಕೆ ಆಧಾರವಾದ 82½ ಡಿಗ್ರಿ ರೇಖಾಂಶವು ಈ ಎರಡು ಊರುಗಳ ನಡುವೆ, ಕಾಕಿನಾಡದ ಬಳಿ ಹಾದುಹೋಗುತ್ತದೆ. ಸೂರ್ಯನ ಲೆಕ್ಕ ಹಿಡಿದರೆ ವಿಶಾಖಪಟ್ಟಣ ಆ ಗಡಿಯಾರಕ್ಕಿಂತ ಸುಮಾರು 3 ನಿಮಿಷ ಮುಂದೆ, ವಿಜಯವಾಡ ಸುಮಾರು 7 ನಿಮಿಷ ಹಿಂದೆ. ದೇಶಕ್ಕೆಲ್ಲ ಒಂದೇ ಕಾಲವೆಂದು 1906ರಲ್ಲಿ ಸರ್ಕಾರ ಗೊತ್ತುಮಾಡಿತು. ಗಡಿಯಾರದ ಜಗಳ ಕ್ರಮೇಣ ತೀರಿತು. ಆದರೆ ಗೇಟಿನ ಬಳಿ ಆ ಕಾಲವನ್ನು ಬರೆದುಕೊಳ್ಳುವ ಗುಮಾಸ್ತನೂ ಯಂತ್ರವೂ ತಪ್ಪುವುದುಂಟು.

ವಿಶಾಖಪಟ್ಟಣದ ಒಂದು ಕಾರ್ಖಾನೆಯಲ್ಲಿ ನಮಗೆ ರಾತ್ರಿ ಪಾಳಿ. 10 ಗಂಟೆಗೆ ಒಳಗೆ ಹೋದರೆ ಬೆಳಿಗ್ಗೆ 6ಕ್ಕೆ ಹೊರಗೆ. ನಡುರಾತ್ರಿ ತಾರೀಖು ಬದಲಾಗುತ್ತದಷ್ಟೆ. ಯಂತ್ರವು ಮೊದಲ ದಿನ ‘ಬಂದವನು ಹೋಗಲಿಲ್ಲ’ ಎಂದೂ ಮರುದಿನ ‘ಹೋದವನು ಬಂದೇ ಇರಲಿಲ್ಲ’ ಎಂದೂ ತಿಳಿದು, ಗೈರುಹಾಜರಿ ಹಾಕಿತು. ಕೂಲಿ ಕಡಿತವಾಯಿತು. ಹೊಸ ಊರು, ತೆಲುಗು ಇನ್ನೂ ನಾಲಗೆಗೆ ಹತ್ತಿರಲಿಲ್ಲ. ಅವರೇ ಸರಿಪಡಿಸಿಯಾರೆಂದು ಸುಮ್ಮನಿದ್ದೆವು. ಮುಂದಿನ ತಿಂಗಳೂ ಅದೇ ಆಯಿತು. ಕೊನೆಗೆ ಹೋಗಿ ಕೇಳಿದಾಗ ಗುಮಾಸ್ತರು, “ಯಾವ ಯಾವ ತಾರೀಖು?” ಎಂದರು. ನಮಗೆ ನೆನಪಿಲ್ಲ! ಕೇಳದಿದ್ದರೆ ಹೆತ್ತಮ್ಮನೂ ಅನ್ನವಿಕ್ಕಳೆಂಬ ತೆಲುಗು ಗಾದೆಯನ್ನು ಹೇಳಿ ಅವರು ನಕ್ಕರು. ಆ ಕೂಲಿ ಮರಳಿ ಬರಲೇ ಇಲ್ಲ.

ಅಂದಿನಿಂದ ಜೇಬಿನಲ್ಲೊಂದು ಪುಟ್ಟ ಪುಸ್ತಕವಿಟ್ಟೆವು. ತಾರೀಖು, ಪಾಳಿ, ಬಂದ ಹೊತ್ತು, ಹೋದ ಹೊತ್ತು, ಇಷ್ಟೇ ಅದರಲ್ಲಿ.

ಆಮೇಲೆ ವಿಜಯವಾಡಕ್ಕೆ ಬಂದೆವು. ಅಲ್ಲಿ ತಪ್ಪು ಬೇರೆ ಬಗೆಯದು. ಜೊತೆಗಾರನೊಬ್ಬನ 4 ಗಂಟೆಯ ಹೆಚ್ಚುವರಿ ದುಡಿಮೆ ನಮ್ಮ ಹೆಸರಿಗೆ ಬಿದ್ದಿತ್ತು. ಸುಳ್ಳೇಕೆ ಹೇಳಬೇಕು, ಒಂದು ರಾತ್ರಿ ಸುಮ್ಮನಿದ್ದೆವು. ಮನೆಯಲ್ಲಿ ಶಾಲೆಯ ಫೀಸು ಕಟ್ಟುವುದಿತ್ತು. ಆದರೆ ಅದು ಇನ್ನೊಬ್ಬನ ಬೆವರು. ಬೆಳಿಗ್ಗೆ ಹೋಗಿ ಬರೆದುಕೊಟ್ಟೆವು. ಮುಂದೆ ನಮ್ಮದೇ ಒಂದು ಪಾಳಿ ಬಿಟ್ಟುಹೋದಾಗ, ಪುಸ್ತಕ ತೋರಿಸಿದೊಡನೆ ಗುಮಾಸ್ತರು ಸಾಕ್ಷಿ ಕೇಳದೆ ತಿದ್ದಿದರು. ತನಗೆ ಲಾಭವಾದ ತಪ್ಪನ್ನು ಹೇಳಿದವನ ಮಾತಿಗೆ ತೂಕವಿರುತ್ತದೆ.

ಕಾನೂನೂ ನಮ್ಮ ಕಡೆಗಿದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಂತೆ ಮಾಲೀಕರು ವೇತನ ಚೀಟಿ ಕೊಡಬೇಕು. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಸಲ್ಲಬೇಕು. ಹೆಚ್ಚುವರಿ ದುಡಿಮೆಗೆ ಎರಡರಷ್ಟು ದರ. ಕಡಿಮೆ ಸಂಬಳದ ಬಗ್ಗೆ 3 ವರ್ಷದೊಳಗೆ ಅರ್ಜಿ ಹಾಕಬಹುದು; ಹಣ ಕೊಟ್ಟಿದ್ದೇವೆಂದು ರುಜುವಾತು ಮಾಡುವ ಹೊಣೆ ಮಾಲೀಕರದು. ಆದರೆ 3 ವರ್ಷವಿದೆಯಲ್ಲಾ ಎಂದು ಕೂಡಬೇಡಿ. ಬಟವಾಡೆಗೆ ಮುಂಚೆ ಒಂದು ಸಾಲು ಬರೆದರೆ ಅಳಿಯುವ ತಪ್ಪಿಗೆ, ಬಟವಾಡೆಯಾದ ಮೇಲೆ ಹತ್ತು ಸಲ ಅಲೆಯಬೇಕಾದೀತು.

ಆದ್ದರಿಂದ ಬಂಧುಗಳೆ, ತಪ್ಪು ಕಂಡ ದಿನವೇ ಹೇಳಿ. ಬಾಯಲ್ಲಿ ಹೇಳಿದ್ದನ್ನು ಬರಹದಲ್ಲಿಯೂ ಕೊಡಿ. ಒಂದು ಪ್ರತಿ ನಿಮ್ಮಲ್ಲಿರಲಿ. ಯಾರನ್ನೂ ಕಳ್ಳನೆನ್ನಬೇಡಿ, ತಾರೀಖನ್ನಷ್ಟೇ ತೋರಿಸಿ. ಗೆಳೆಯನ ಹಾಜರಿಯನ್ನು ನೀವು ಹಾಕಬೇಡಿ. ಭಾಷೆ ಬಾರದ ಹೊಸಬನಿದ್ದರೆ ಅವನ ಜೊತೆಗೆ ಕಚೇರಿಯ ಬಾಗಿಲವರೆಗೆ ಹೋಗಿಬನ್ನಿ. ಅಂದು ನಮ್ಮ ಜೊತೆಗೆ ಹಾಗೆ ಒಬ್ಬರು ಬಂದಿದ್ದರೆ ಆ ಕೂಲಿ ಉಳಿಯುತ್ತಿತ್ತು.