ಗೋಡೆಯ ಬುಡದ ಪಟ್ಟಿ

ಗೋಡೆಯೂ ನೆಲವೂ ಕೂಡುವೆಡೆಯ ಸಂದನ್ನು ಮುಚ್ಚಲು ನಾವು ಜೋಡಿಸುವ ಮರದ ಪಟ್ಟಿಗೆ ಸ್ಕರ್ಟಿಂಗ್ ಎಂದು ಹೆಸರು. ಇದನ್ನು ನಿಲ್ಲಿಸುವ ಕ್ರಮವು ಗೋಡೆಯ ಗುಣವನ್ನು ಅನುಸರಿಸಬೇಕು. ಬರಿಯ ಗಾರೆಗೆ ಹೊಡೆದ ಮೊಳೆ ಬಹುಕಾಲ ನಿಲ್ಲದು. ಆದುದರಿಂದ ಹಿಂದಿನ ಬಡಗಿಗಳು ಇಟ್ಟಿಗೆಗಳ ನಡುವೆ ಮರದ ಬೆಣೆಗಳನ್ನು ಬಡಿದು, ಪಟ್ಟಿಯನ್ನು ಅವುಗಳಿಗೆ ಬಿಗಿಯುತ್ತಿದ್ದರು. ಇಂದು ಗೋಡೆಯನ್ನು ಕೊರೆದು, ಪ್ಲಾಸ್ಟಿಕ್ಕಿನ ಬೆಣೆಯನ್ನಿಟ್ಟು, ತಿರುಪುಮೊಳೆಯಿಂದ ಬಿಗಿಯುವುದು ರೂಢಿ. ಗೋಡೆಯು ಸಮವಾಗಿಯೂ ಒಣಗಿಯೂ ಇದ್ದಲ್ಲಿ ಅಂಟೂ ಸಾಕಾದೀತು. ನೆಲವು ಮರದ್ದಾದರೆ ಪಟ್ಟಿಯನ್ನು ನೆಲಕ್ಕೆ ಬಿಗಿಯಲಾಗದು. ಹಲಗೆಗಳು ಋತುಭೇದದಿಂದ ಹಿಗ್ಗಿ ಕುಗ್ಗುವುವಷ್ಟೆ.

ತೇವವುಳ್ಳ ಗೋಡೆಗೆ ಮಾತ್ರ ಮರವು ಸಲ್ಲದು. ಪಟ್ಟಿಯ ಮರೆಯಲ್ಲಿ ಹತ್ತಿದ ಗೆದ್ದಲು ಬಾಗಿಲ ಚೌಕಟ್ಟಿನವರೆಗೆ ಸಾಗಿದರೂ ಮನೆಯವರಿಗೆ ತಿಳಿಯದು. ಅಂಥಲ್ಲಿ ಕಲ್ಲಿನ ಅಥವಾ ಸಿಮೆಂಟಿನ ಪಟ್ಟಿಯೇ ಕ್ಷೇಮ. ಬಡಗಿಯನ್ನು ಕರೆಯುವುದಕ್ಕೆ ಮುನ್ನ ನಾವು ಗೋಡೆಯ ತೇವವನ್ನು ಪರೀಕ್ಷಿಸುವುದು ಲೇಸು.