ಯಾರು ಯಾರಿಗೆ ಫೋನ್ ಮಾಡಿದರು?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಕಾನೂನು ಓದಿದವನಲ್ಲ. ಉರ್ದು, ಕನ್ನಡ ಕಲಿಸುವ ಮೇಷ್ಟ್ರು. ಆದರೆ ಇಂದು ಹೇಳಲಿರುವ ಮೊಕದ್ದಮೆ ಕೊನೆಗೆ ಒಂದು ಪದದ ಅರ್ಥದ ಮೇಲೆ ನಿಂತಿತು. ಆ ಧೈರ್ಯದಿಂದ ಮಾತನಾಡುತ್ತಿದ್ದೇನೆ.

ನಿಮ್ಮ ಮೊಬೈಲಿನಲ್ಲಿ ಕರೆಗಳ ಪಟ್ಟಿ ತೆರೆದು ನೋಡಿ. ಅದರಲ್ಲಿ ಮಾತಿಲ್ಲ, ನಂಬರು, ಹೊತ್ತು, ಎಷ್ಟು ನಿಮಿಷ, ಇಷ್ಟೇ. ಆದರೆ ರಾತ್ರಿ ಎರಡಕ್ಕೆ ಆಸ್ಪತ್ರೆಗೆ, ನಸುಕಿನಲ್ಲಿ ಊರಿನ ಅಣ್ಣನಿಗೆ, ಆಮೇಲೆ ಇಮಾಮ್ ಸಾಹೇಬರಿಗೆ ಕರೆ ಹೋಗಿದ್ದರೆ ಆ ಮನೆಯಲ್ಲಿ ಏನಾಯಿತೆಂದು ಬಿಡಿಸಿ ಹೇಳಬೇಕೇ?

2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕ ಸರ್ಕಾರ ತನ್ನ ಕೋಟ್ಯಂತರ ಪ್ರಜೆಗಳ ಇಂಥ ಪಟ್ಟಿಗಳನ್ನು ಗುಟ್ಟಾಗಿ ಸಂಗ್ರಹಿಸತೊಡಗಿತು. ಅವನ್ನು ಐದು ವರ್ಷ ಇಟ್ಟುಕೊಳ್ಳುತ್ತಿತ್ತು. ಇಂಥದ್ದನ್ನು ಪ್ರಶ್ನಿಸುವುದಾದರೂ ಹೇಗೆ? ಬೇಹುಗಾರಿಕೆಯ ಇನ್ನೊಂದು ಕಾನೂನಿನ ವಿರುದ್ಧದ ಅರ್ಜಿಯನ್ನು 2013ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಳ್ಳಿಹಾಕಿತ್ತು. ನಿಮ್ಮ ಮೇಲೆಯೇ ಕಣ್ಣಿಟ್ಟಿದ್ದಾರೆಂಬುದಕ್ಕೆ ಖಚಿತ ಆಧಾರವಿಲ್ಲ ಎಂಬುದು ಕಾರಣ. ಗುಟ್ಟಾಗಿ ನಡೆಯುವುದಕ್ಕೆ ಆಧಾರ ಎಲ್ಲಿಂದ ತರುವುದು! ಅದೇ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಗೆಡವಿದ ಆದೇಶವೊಂದು ‘ಗಾರ್ಡಿಯನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವೆರಿಜಾನ್ ಕಂಪನಿ ತನ್ನ ಗ್ರಾಹಕರ ಕರೆವಿವರವನ್ನು ದಿನವೂ ಒಪ್ಪಿಸಬೇಕೆಂದು ಅದರಲ್ಲಿತ್ತು. ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಆ ಕಂಪನಿಯ ಗ್ರಾಹಕ. ಜೂನ್ 11ರಂದೇ ದಾವೆ ಹೂಡಿತು.

ಡಿಸೆಂಬರ್ 16ರಂದು ವಾಷಿಂಗ್ಟನ್‌ನ ನ್ಯಾಯಾಧೀಶರೊಬ್ಬರು ಇನ್ನೊಂದು ದಾವೆಯಲ್ಲಿ ಈ ಸಂಗ್ರಹ ಸಂವಿಧಾನಕ್ಕೆ ವಿರುದ್ಧವಾಗಿರುವಂತೆ ಕಾಣುತ್ತದೆ ಎಂದರು. ಹನ್ನೊಂದೇ ದಿನಕ್ಕೆ ನ್ಯೂಯಾರ್ಕ್‌ನ ನ್ಯಾಯಾಧೀಶರು ಸರಿಯೇ ಇದೆ ಎಂದು ಎಸಿಎಲ್‌ಯು ದಾವೆ ವಜಾ ಮಾಡಿದರು. 2015ರ ಮೇ 7ರಂದು ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ಬದಿಗಿಟ್ಟಿತು. ತನಿಖೆಗೆ ‘ಸಂಬಂಧಪಟ್ಟ’ ದಾಖಲೆ ಕೇಳಬಹುದೆಂದು ಕಾನೂನಿನಲ್ಲಿತ್ತು. ಮುಂದೆ ಯಾವುದು ಬೇಕಾದೀತೋ, ಆದ್ದರಿಂದ ಎಲ್ಲವೂ ಸಂಬಂಧಪಟ್ಟದ್ದೇ ಎಂಬುದು ಸರ್ಕಾರದ ವಾದ. ನ್ಯಾಯಾಲಯ ಒಪ್ಪಲಿಲ್ಲ. ಪರೀಕ್ಷೆಗೆ ಯಾವ ಪಾಠ ಮುಖ್ಯವೆಂದರೆ ‘ಇಡೀ ಪುಸ್ತಕ ಸರ್’ ಎನ್ನುವ ಹುಡುಗನ ನೆನಪಾಯಿತು ನನಗೆ! ಮರುತಿಂಗಳೇ ಕಾನೂನು ಬದಲಾಯಿತು. ನವೆಂಬರ್‌ನಲ್ಲಿ ಆ ಸಗಟು ಸಂಗ್ರಹ ನಿಂತಿತು.

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಮತ್ತೊಂದು ದಾವೆ. ಲಾಸ್ ಏಂಜಲೀಸ್‌ನ ಒಂದು ಚರ್ಚ್, ‘ಕೇರ್’ ಎಂಬ ಮುಸ್ಲಿಂ ಸಂಘಟನೆ, ಬಂದೂಕು ಹೊಂದಿದವರ ಸಂಘ, ಎಲ್ಲರೂ ಕೂಡಿ 2013ರ ಜುಲೈಯಲ್ಲಿ ಹೂಡಿದ್ದು. ನಮಗೆ ಯಾರು ಕರೆ ಮಾಡುತ್ತಾರೆಂದು ಸರ್ಕಾರ ಬರೆದಿಟ್ಟುಕೊಂಡರೆ ಜನ ಕರೆ ಮಾಡಲು ಹೆದರುತ್ತಾರೆ, ಸಂಘ ಕಟ್ಟುವ ಹಕ್ಕೇ ಸೊರಗುತ್ತದೆ ಎಂದು ಅವರ ಅಳಲು. ನಮ್ಮ ಸಂಘಕ್ಕೂ ಕಷ್ಟದಲ್ಲಿರುವವರೇ ಫೋನ್ ಮಾಡುವುದಲ್ಲವೇ? ಫೀಸು ಕಟ್ಟಲಾಗದ ತಂದೆ, ಶಾಲೆ ಬಿಟ್ಟ ಮಗನ ತಾಯಿ. ಪರರ ಗುಟ್ಟು ಕೆದಕಬೇಡಿರೆಂಬ ಆದೇಶ ಸೂರಃ ಹುಜುರಾತ್‌ನಲ್ಲಿರುವುದು ನಿಮಗೆ ಗೊತ್ತೇ ಇದೆ.

ನಮ್ಮ ದೇಶದಲ್ಲಿ ಕರೆವಿವರವನ್ನು ಕಂಪನಿಗಳೇ ಇಟ್ಟುಕೊಳ್ಳಬೇಕು. 2021ರ ಡಿಸೆಂಬರ್‌ನಲ್ಲಿ ಸರ್ಕಾರ ಅದರ ಅವಧಿಯನ್ನು ಒಂದು ವರ್ಷದಿಂದ ಎರಡಕ್ಕೆ ಏರಿಸಿತು. ಇಂಥ ನಿಯಮಗಳನ್ನು ಅಳೆಯಲು ನಮ್ಮ ಕೈಯಲ್ಲಿರುವ ಕೋಲು ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಕೊಟ್ಟ ತೀರ್ಪು. ಆಧಾರ್ ವಿರುದ್ಧ ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ.

ಆ ತೀರ್ಪು 547 ಪುಟ. ಪಿ.ಯು.ಸಿ. ಮುಗಿಸಿ ಕಾನೂನು ಓದಬೇಕೆಂದಿರುವ ಮಕ್ಕಳು, ಹೆಣ್ಣುಮಕ್ಕಳೂ, ಸಭೆ ಮುಗಿದ ಮೇಲೆ ನನಗೆ ಹೆಸರು ಕೊಡಿ. ಭಾನುವಾರಗಳಂದು ಸಂಘದ ವಾಚನಾಲಯದಲ್ಲಿ ಕುಳಿತು ಸ್ವಲ್ಪ ಸ್ವಲ್ಪವೇ ಓದೋಣ.