ಜಹಾಜ್ ಮತ್ತು ಜಹೇಜ್



ನಮ್ಮ ಕೊಟ್ಟೂರಿಗೆ ಸಮುದ್ರ ಬಲು ದೂರ. ದೊಡ್ಡ ನೀರು ನೋಡಬೇಕೆಂದರೆ ತುಂಗಭದ್ರೆಗೆ ಹೋಗಬೇಕು. ಅಲ್ಲಿಯೂ ಕಾಣುವುದು ಹರಿಗೋಲು. ಆದರೂ ಕಡಲಿನ ಮಾತುಗಳು ನಮ್ಮ ನಾಲಿಗೆಯ ಮೇಲಿವೆ. ಬಂದರು, ಲಂಗರು ಎಂಬ ಪದಗಳು ಪಾರಸಿಯಿಂದ ಕನ್ನಡಕ್ಕೆ ಬಂದವು. ಅರಬ್ ನಾವಿಕರು ಹಡಗು ಹೊರಡಿಸುವ ಕಾಲವನ್ನು ‘ಮೌಸಿಮ್’ ಎನ್ನುತ್ತಿದ್ದರು. ಪೋರ್ಚುಗೀಸರ ಮೂಲಕ ಅದು ಯೂರೋಪಿಗೆ ಹೋಗಿ ಫ್ರೆಂಚರಲ್ಲಿ ‘ಮೂಸೋಂ’, ಇಂಗ್ಲಿಷಿನಲ್ಲಿ ‘ಮಾನ್ಸೂನ್’ ಆಯಿತು. ಉರ್ದುವಿನಲ್ಲಿ ಅದೇ ‘ಮೌಸಮ್’. ಜೋಳ ಬಿತ್ತಲು ಮುಗಿಲು ನೋಡುವ ನಮ್ಮ ರೈತನ ಕಿವಿಗೆ ಬೀಳುವುದೂ ಆ ನಾವಿಕರ ಮಾತೇ.

ಈಗ ಇನ್ನೊಂದು ಪದವನ್ನು ಗಮನಿಸಿ. ಉರ್ದುವಿನಲ್ಲಿ ಹಡಗಿಗೆ ‘ಜಹಾಜ್’ ಎನ್ನುತ್ತೇವೆ. ಅರಬ್ಬಿಯಲ್ಲಿ ಇದರ ಮೂಲ ಅರ್ಥ ಸಜ್ಜು, ಸಾಮಗ್ರಿ. ಪವಿತ್ರ ಕುರ್‌ಆನಿನ ಸೂರಾ ಯೂಸುಫ್‌ನಲ್ಲಿ ಹಜರತ್ ಯೂಸುಫರು ತಮ್ಮ ಅಣ್ಣಂದಿರಿಗೆ ಸಾಮಗ್ರಿ ಸಜ್ಜುಮಾಡಿ ಕೊಟ್ಟ ಸಂದರ್ಭದಲ್ಲಿ ಈ ಪದ ಬಂದಿದೆ. ಫ್ರೆಂಚಿನ ‘ಎಕಿಪೆ’ ಎಂಬ ಕ್ರಿಯಾಪದವೂ ಹೀಗೆಯೇ. ಹಡಗನ್ನು ಸಜ್ಜುಗೊಳಿಸು ಎಂಬ ಉತ್ತರ ಯೂರೋಪಿನ ನಾವಿಕರ ಮಾತಿನಿಂದ ಅದು ಹುಟ್ಟಿತು. ಇಂಗ್ಲಿಷಿನ ‘ಎಕ್ವಿಪ್’, ‘ಎಕ್ವಿಪ್‌ಮೆಂಟ್’ ಅದರ ಮಕ್ಕಳು.

ನಮ್ಮ ಮನೆಗಳನ್ನು ಸಾಲಕ್ಕೆ ನೂಕುವ ‘ಜಹೇಜ್’ ಕೂಡ ಜಹಾಜಿನ ಒಡಹುಟ್ಟು. ಮಯ್ಯತ್ತಿನ ಅಂತಿಮ ಸಿದ್ಧತೆಗೆ ಹೇಳುವ ‘ತಜ್‌ಹೀಜ್’ ಕೂಡ ಅದೇ ಬೇರಿನದು. ಮೂರರಲ್ಲೂ ಇರುವ ಅರ್ಥ ಒಂದೇ: ಪ್ರಯಾಣಕ್ಕೆ ಬೇಕಾದ ಸಿದ್ಧತೆ.

ಹಾಗಾದರೆ ಮಗಳ ಬಾಳಿನ ಪ್ರಯಾಣಕ್ಕೆ ಬೇಕಾದ ಸಿದ್ಧತೆ ಯಾವುದು? ಬೀರು, ಮಂಚ, ಬೈಕು ಎಷ್ಟು ದಿನ ಬಾಳುತ್ತವೆ? ಮದುವೆಯಲ್ಲಿ ಮೆಹರ್ ಕೊಡಬೇಕಾದವನು ವರ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯಿದೆಯ ಪ್ರಕಾರ ಅಪರಾಧ. ಹೀಗಿದ್ದೂ ಮಗಳ ಓದನ್ನು ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿ, ಆ ಹಣವನ್ನು ಜಹೇಜಿಗೆ ಕೂಡಿಡುವ ತಂದೆತಾಯಿಗಳು ಇದ್ದಾರೆ. ಸಜ್ಜಿಲ್ಲದ ಹಡಗನ್ನು ಯಾವ ನಾವಿಕನೂ ಕಡಲಿಗೆ ಇಳಿಸುವುದಿಲ್ಲ.

ತಾಯಂದಿರೇ, ಮಗಳನ್ನು ಕಾಲೇಜಿಗೆ ಕಳುಹಿಸಿರಿ. ಗಂಡುಮಕ್ಕಳೇ, ನಿಮ್ಮ ನಿಕಾಹ್ ಮಾತುಕತೆಯಲ್ಲಿ ‘ನಮಗೇನೂ ಬೇಡ’ ಎಂದು ನೀವೇ ಬಾಯಿಬಿಟ್ಟು ಹೇಳಿರಿ. ಹೆಣ್ಣುಮಕ್ಕಳೇ, ನೀವು ಕಲಿತ ವಿದ್ಯೆಯನ್ನು ಯಾರೂ ಕಸಿಯಲಾರರು. ನಿಮ್ಮ ನಿಜವಾದ ಜಹೇಜ್ ಅದೇ. ಅಲ್ಲಾಹನು ನಮಗೆಲ್ಲ ಆ ತೌಫೀಕ್ ನೀಡಲಿ ಎಂದು ಪ್ರಾರ್ಥಿಸಿ ನನ್ನ ಮಾತು ಮುಗಿಸುತ್ತೇನೆ. ಖುದಾ ಹಾಫಿಜ್.